ಬಾಯಲ್ಲಿ ಉತ್ತರ ಹೇಳುವ, ಆದರೆ ಓದಲಾರದ ವಿದ್ಯಾರ್ಥಿ: ಪ್ರಶ್ನೆಗಳನ್ನು ಓದಿ ಹೇಳುವುದು ಸರಿಯೇ?

ಪ್ರಶ್ನೆ (ಮೂರನೇ ತರಗತಿಯ ಶಿಕ್ಷಕಿ)

ಎಲ್ಲರಿಗೂ ನಮಸ್ಕಾರ. ನನ್ನ ತರಗತಿಯಲ್ಲಿರುವ ಒಬ್ಬ ಹುಡುಗನ ವಿಚಾರವಾಗಿ ಅನುಭವಸ್ಥರ ಸಲಹೆ ಬೇಕಾಗಿದೆ. ಪರಿಸರ ಪಾಠದಲ್ಲಿ ಪ್ರಶ್ನೆ ಕೇಳಿದಾಗ ಎಲ್ಲರಿಗಿಂತ ಮೊದಲು ಕೈಯೆತ್ತುವವನು ಅವನೇ. ನೀರು ಆವಿಯಾಗಿ, ಮೋಡವಾಗಿ, ಮತ್ತೆ ಮಳೆಯಾಗುವುದನ್ನು ಪುಸ್ತಕದ ವಾಕ್ಯಗಳನ್ನು ಒಪ್ಪಿಸದೆ ತನ್ನದೇ ಮಾತುಗಳಲ್ಲಿ ವಿವರಿಸುತ್ತಾನೆ. ಅದೇ ಪಾಠದ ಲಿಖಿತ ಪರೀಕ್ಷೆಯಲ್ಲಿ ಅವನ ಉತ್ತರ ಪತ್ರಿಕೆ ಬಹುಪಾಲು ಖಾಲಿಯಾಗಿರುತ್ತದೆ.

ಗಟ್ಟಿಯಾಗಿ ಓದಿಸಿದರೆ 'ಕಲ್ಲು' ಎಂಬುದು 'ಕಲು' ಆಗುತ್ತದೆ, 'ಕಾಡಿನಲ್ಲಿ' ಎಂಬ ಪದದ ಮೊದಲ ಅಕ್ಷರವನ್ನಷ್ಟೇ ನೋಡಿ 'ಕಾಗೆ' ಎಂದು ಊಹಿಸಿ ಮುಂದೆ ಹೋಗುತ್ತಾನೆ. ಕಾಗುಣಿತವನ್ನು ಸರಾಗವಾಗಿ ಒಪ್ಪಿಸುತ್ತಾನೆ, ಆದರೆ ನಡುವಿನಿಂದ 'ಚೂ' ಎಂಬ ಒಂದೇ ಅಕ್ಷರವನ್ನು ತೋರಿಸಿದರೆ ಚ, ಚಾ, ಚಿ, ಚೀ ಎಂದು ಮೊದಲಿನಿಂದ ತುಟಿಯಲ್ಲೇ ಹೇಳಿಕೊಂಡು ಬಂದು ನಂತರ ಉತ್ತರಿಸುತ್ತಾನೆ. ಕಣ್ಣು ಮತ್ತು ಕಿವಿಯ ತಪಾಸಣೆ ಆಗಿದ್ದು, ಎರಡರಲ್ಲೂ ದೋಷ ಕಂಡುಬಂದಿಲ್ಲ. ತಜ್ಞರ ಮೌಲ್ಯಮಾಪನ ಇನ್ನೂ ಆಗಬೇಕಿದೆ.

ಈ ಬಾರಿಯ ಪರಿಸರ ಪರೀಕ್ಷೆಯಲ್ಲಿ ನಾನು ಪ್ರಶ್ನೆಗಳನ್ನು ಅವನಿಗೆ ಓದಿ ಹೇಳಿ, ಅವನ ಉತ್ತರಗಳನ್ನು ಕೇಳಿ ಬರೆದುಕೊಂಡೆ. ಬಹುತೇಕ ಉತ್ತರಗಳು ಸರಿಯಾಗಿದ್ದವು. ಈಗ ಸಹೋದ್ಯೋಗಿಗಳಲ್ಲಿ ಭಿನ್ನಾಭಿಪ್ರಾಯ ಎದ್ದಿದೆ. ಹೀಗೆ ಓದಿ ಹೇಳುತ್ತಾ ಹೋದರೆ ಅವನು ಎಂದಿಗೂ ಓದಲು ಕಲಿಯುವುದಿಲ್ಲ ಎಂದು ಒಬ್ಬರು ಹೇಳಿದರೆ, ಇನ್ನೊಂದು ವರ್ಷ ಇದೇ ತರಗತಿಯಲ್ಲಿ ಉಳಿಸಿಕೊಳ್ಳಬೇಕೆಂಬುದು ಇನ್ನೊಬ್ಬರ ಮಾತು. ಅವನನ್ನು ಪ್ರತ್ಯೇಕ ಕೋಣೆಗೆ ಕಳುಹಿಸಿದರೆ ಎಲ್ಲರಿಗೂ ಅನುಕೂಲ ಎಂದು ಮತ್ತೊಬ್ಬರು ಹೇಳುತ್ತಾರೆ. ನಾನು ಮಾಡಿದ್ದು ನೆರವೋ, ಅವನನ್ನು ಪರಾವಲಂಬಿಯಾಗಿಸುವ ರೂಢಿಯೋ? ಅದನ್ನು ಮುಂದುವರಿಸಬೇಕೇ, ಮುಂದುವರಿಸಿದರೆ ಎಲ್ಲಿಯವರೆಗೆ?

ಉತ್ತರ 1 (ವಿಶೇಷ ಶಿಕ್ಷಕ)

ಮೇಡಂ, ನಿಮ್ಮ ಸಹೋದ್ಯೋಗಿಗಳ ಮಾತಿನಲ್ಲಿ ಎರಡು ಬೇರೆ ಬೇರೆ ಕೆಲಸಗಳು ಕಲಸಿಹೋಗಿವೆ. ಓದಲು ಕಲಿಸುವುದು ಒಂದು ಕೆಲಸವಾದರೆ, ಓದು ಕೈಗೂಡುವವರೆಗೆ ಉಳಿದ ವಿಷಯಗಳ ಕಲಿಕೆ ನಿಂತುಹೋಗದಂತೆ ನೋಡಿಕೊಳ್ಳುವುದು ಇನ್ನೊಂದು. ಮೊದಲನೆಯದು ಪರಿಹಾರ ಬೋಧನೆ, ಎರಡನೆಯದು ಅನುಕೂಲ ಕಲ್ಪಿಸುವುದು. ಇವೆರಡೂ ಒಟ್ಟಿಗೆ ನಡೆಯಬೇಕು. ಒಂದನ್ನು ಮಾಡುತ್ತಿದ್ದೇವೆ ಎಂಬ ಕಾರಣಕ್ಕೆ ಇನ್ನೊಂದನ್ನು ಕೈಬಿಟ್ಟಾಗ ಮಾತ್ರ ನಿಮ್ಮ ಸಹೋದ್ಯೋಗಿ ಹೇಳಿದ ಪರಾವಲಂಬನೆ ಹುಟ್ಟುತ್ತದೆ.

ಯಾವ ನೆರವನ್ನು ಎಲ್ಲಿ ಕೊಡಬಹುದು ಎಂದು ತೀರ್ಮಾನಿಸಲು ನಾನು ಬಳಸುವ ಅಳತೆಗೋಲು ಸರಳವಾದದ್ದು: ಈ ಪರೀಕ್ಷೆ ಏನನ್ನು ಅಳೆಯಲು ಹೊರಟಿದೆ? ಪರಿಸರ ಪರೀಕ್ಷೆ ಜಲಚಕ್ರದ ತಿಳಿವಳಿಕೆಯನ್ನು ಅಳೆಯುತ್ತದೆಯೇ ಹೊರತು ಓದುವ ಸಾಮರ್ಥ್ಯವನ್ನಲ್ಲ. ಅಲ್ಲಿ ಪ್ರಶ್ನೆಯನ್ನು ಓದಿ ಹೇಳಿದರೆ ನಡುವಿನ ಅಡ್ಡಿ ಸರಿಯುತ್ತದೆ, ಅಳೆಯಬೇಕಾದದ್ದು ಹಾಗೆಯೇ ಉಳಿಯುತ್ತದೆ. ಕನ್ನಡದ ಓದಿನ ಪರೀಕ್ಷೆಯಲ್ಲಿ ಗದ್ಯಭಾಗವನ್ನು ನೀವೇ ಓದಿ ಹೇಳಿದರೆ ಅಳೆಯಬೇಕಾದದ್ದೇ ಮಾಯವಾಗುತ್ತದೆ. ಅಲ್ಲಿ ಅವನ ಸದ್ಯದ ಮಟ್ಟಕ್ಕೆ ತಕ್ಕ ಪಠ್ಯವನ್ನು ಕೊಟ್ಟು, ಅವನೇ ಓದುವಂತೆ ಮಾಡಿ, ಎಲ್ಲಿದ್ದಾನೆ ಎಂಬುದನ್ನು ಇದ್ದಂತೆಯೇ ದಾಖಲಿಸಿಕೊಳ್ಳಿ. ಆದ್ದರಿಂದ ನೀವು ಮಾಡಿದ್ದು ಸರಿ, ಮುಂದುವರಿಸಿ.

ನೀವು ವಿವರಿಸಿದ ಲಕ್ಷಣಗಳು ಹೊಸವಲ್ಲ. 1896ರಲ್ಲಿ ಪ್ರಿಂಗಲ್ ಮಾರ್ಗನ್ ಎಂಬ ಬ್ರಿಟಿಷ್ ವೈದ್ಯರು ಹದಿನಾಲ್ಕು ವರ್ಷದ ಒಬ್ಬ ಹುಡುಗನ ಬಗ್ಗೆ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬರೆದಿದ್ದರು. ಪಾಠವೆಲ್ಲ ಬಾಯಲ್ಲೇ ನಡೆಯುವುದಾದರೆ ಶಾಲೆಯಲ್ಲಿ ಇವನಷ್ಟು ಚುರುಕಿನವರು ಯಾರೂ ಇರಲಾರರು ಎಂಬುದು ಅವನ ಉಪಾಧ್ಯಾಯರ ಅಭಿಪ್ರಾಯವಾಗಿತ್ತು, ಆದರೂ ಅವನಿಗೆ ಸರಳ ಪದಗಳನ್ನು ಓದುವುದೇ ಕಷ್ಟವಾಗಿತ್ತು. ಮುಂದೆ ಡಿಸ್ಲೆಕ್ಸಿಯಾ (ಪದಗಳನ್ನು ಸರಿಯಾಗಿ, ಸರಾಗವಾಗಿ ಓದಲು ಕಷ್ಟವಾಗುವ ಕಲಿಕಾ ತೊಂದರೆ) ಕುರಿತು ನಡೆದ ಚರ್ಚೆಯಲ್ಲಿ ಈ ವರದಿ ಮತ್ತೆ ಮತ್ತೆ ಉಲ್ಲೇಖಗೊಂಡಿದೆ. ಹಾಗೆಂದು ನಿಮ್ಮ ವಿದ್ಯಾರ್ಥಿಗೆ ಡಿಸ್ಲೆಕ್ಸಿಯಾ ಇದೆ ಎಂದು ನಾನು ಇಲ್ಲಿಂದ ಹೇಳುತ್ತಿಲ್ಲ. ಅದನ್ನು ಹೇಳಬೇಕಾದವರು ಅವನನ್ನು ಕೂರಿಸಿಕೊಂಡು ಪರೀಕ್ಷಿಸುವ ತಜ್ಞರು.

ಆದರೆ ತಜ್ಞರ ವರದಿ ಬರುವ ಮೊದಲೇ ನೀವು ಒಂದು ವಿಷಯವನ್ನು ತಿಳಿದುಕೊಳ್ಳಬಹುದು. ಗಫ್ ಮತ್ತು ಟನ್ಮರ್ ಎಂಬ ಸಂಶೋಧಕರು 1986ರಲ್ಲಿ ಮಂಡಿಸಿದ ಸರಳ ವಿವರಣೆಯ ಪ್ರಕಾರ, ಓದಿ ಅರ್ಥ ಮಾಡಿಕೊಳ್ಳುವುದು ಎರಡು ಸಾಮರ್ಥ್ಯಗಳ ಗುಣಲಬ್ಧ: ಅಕ್ಷರಗಳನ್ನು ಧ್ವನಿಯಾಗಿ ಬಿಡಿಸಿಕೊಳ್ಳುವುದು ಮತ್ತು ಕೇಳಿದ ಮಾತನ್ನು ಗ್ರಹಿಸುವುದು. ಎರಡರಲ್ಲಿ ಯಾವುದು ಸೊನ್ನೆಯಾದರೂ ಫಲ ಸೊನ್ನೆಯೇ. ಒಂದೇ ಮಟ್ಟದ ಎರಡು ಚಿಕ್ಕ ಕಥೆಗಳನ್ನು ಆರಿಸಿ, ಒಂದನ್ನು ನೀವು ಓದಿ ಹೇಳಿ ಪ್ರಶ್ನೆ ಕೇಳಿ, ಇನ್ನೊಂದನ್ನು ಅವನಿಂದಲೇ ಓದಿಸಿ ಪ್ರಶ್ನೆ ಕೇಳಿ. ಕೇಳಿದ್ದು ಚೆನ್ನಾಗಿ ಅರ್ಥವಾಗಿ, ಓದಿದ್ದು ಅರ್ಥವಾಗದಿದ್ದರೆ ತೊಡಕು ಅಕ್ಷರಗಳನ್ನು ಬಿಡಿಸಿಕೊಳ್ಳುವುದರಲ್ಲಿದೆ. ಎರಡೂ ಅರ್ಥವಾಗದಿದ್ದರೆ ಪದಸಂಪತ್ತು ಮತ್ತು ಭಾಷಾಗ್ರಹಿಕೆಯ ಕಡೆಗೂ ನೋಡಬೇಕಾಗುತ್ತದೆ, ಆಗ ಕೆಲಸದ ದಾರಿಯೇ ಬೇರೆ.

ನಿಮ್ಮ ವಿವರಣೆಯಲ್ಲಿ ನನ್ನ ಗಮನ ಹೆಚ್ಚು ಸೆಳೆದದ್ದು 'ಚೂ' ಅಕ್ಷರದ ಸಂಗತಿ. ಅವನಿಗೆ ಕಾಗುಣಿತ ಒಂದು ಪದ್ಯದಂತೆ ಬಾಯಿಪಾಠವಾಗಿದೆ, ಆದರೆ ಕೊಂಬು, ಗುಡಿಸು, ಇಳಿ, ದೀರ್ಘ ಎಂಬ ಚಿಹ್ನೆಗಳು ಯಾವ ವ್ಯಂಜನದ ಜೊತೆ ಬಂದರೂ ಒಂದೇ ಸ್ವರವನ್ನು ಸೂಚಿಸುತ್ತವೆ ಎಂಬ ಸೂತ್ರ ಅವನಿಗೆ ಇನ್ನೂ ಹೊಳೆದಿಲ್ಲ. ಹಾಗಾಗಿ ಕಾಗುಣಿತವನ್ನು ಅಡ್ಡ ಸಾಲಿನಲ್ಲಿ ಒಪ್ಪಿಸುವುದನ್ನು ಸದ್ಯಕ್ಕೆ ನಿಲ್ಲಿಸಿ. ಒಂದೇ ಸ್ವರಚಿಹ್ನೆಯನ್ನು ಹಿಡಿದು ಕೂ, ಚೂ, ತೂ, ಪೂ ಎಂದು ಮೇಲಿನಿಂದ ಕೆಳಕ್ಕೆ ಓದಿಸಿ, ಆಮೇಲೆ ಆ ಅಕ್ಷರಗಳನ್ನೇ ಅದಲು ಬದಲು ಮಾಡಿ ಓದಿಸಿ. ಹ್ರಸ್ವ ಮತ್ತು ದೀರ್ಘವನ್ನು ಒಂದೇ ದಿನ ಹೊಸದಾಗಿ ಪರಿಚಯಿಸಬೇಡಿ. ಒಂದು ಗಟ್ಟಿಯಾದ ಮೇಲೆ ಇನ್ನೊಂದನ್ನು ತನ್ನಿ. ಬಾಯಲ್ಲಿ ಹೇಳುತ್ತಾ, ಬೆರಳಿನಿಂದ ಮರಳಿನ ಮೇಲೆ ತಿದ್ದುತ್ತಾ, ಕಣ್ಣಿನಿಂದ ನೋಡುತ್ತಾ ಕಲಿಯುವ ಕ್ರಮಬದ್ಧ ವಿಧಾನವನ್ನು ಅಮೆರಿಕದ ವೈದ್ಯ ಆರ್ಟನ್ ಮತ್ತು ಶಿಕ್ಷಕಿ ಗಿಲ್ಲಿಂಗ್‌ಹ್ಯಾಮ್ 1930ರ ದಶಕದಲ್ಲೇ ರೂಪಿಸಿದ್ದರು. ಅದರಲ್ಲಿ ನನಗೆ ಮುಖ್ಯವಾಗಿ ಕಾಣುವುದು ಮರಳಿಗಿಂತಲೂ ಆ ಕ್ರಮಬದ್ಧತೆ: ಸುಲಭದಿಂದ ಕಠಿಣಕ್ಕೆ, ಏನನ್ನೂ ಊಹೆಗೆ ಬಿಡದೆ, ಕಲಿತದ್ದನ್ನು ಮತ್ತೆ ಮತ್ತೆ ಮುಟ್ಟುತ್ತಾ ಸಾಗುವುದು.

ಒತ್ತಕ್ಷರಗಳಲ್ಲೂ ಎಲ್ಲವೂ ಒಂದೇ ತೂಕದವಲ್ಲ. 'ಅಕ್ಕ' ಎಂಬಲ್ಲಿ ಕೆಳಗಿನ ಒತ್ತು ಮೇಲಿನ ಅಕ್ಷರವನ್ನೇ ಹೋಲುತ್ತದೆ. 'ಕಲ್ಲು', 'ಹತ್ತು', 'ಅಮ್ಮ' ಎಂಬಲ್ಲಿ ಲ, ತ, ಮ ಅಕ್ಷರಗಳ ಒತ್ತುಗಳಿಗೂ ಮೂಲ ರೂಪಕ್ಕೂ ಹೋಲಿಕೆಯೇ ಇಲ್ಲ, ಅವನ್ನು ಹೊಸ ಅಕ್ಷರಗಳೆಂದೇ ಭಾವಿಸಿ ಕಲಿಸಬೇಕು. ಆದ್ದರಿಂದ ಅವನು 'ಕಲು' ಎಂದು ಓದುವುದನ್ನು ಅಜಾಗ್ರತೆ ಎಂದುಕೊಳ್ಳಬೇಡಿ. ಸಜಾತೀಯ ಒತ್ತುಗಳಿಂದ ಆರಂಭಿಸಿ 'ಪುಸ್ತಕ', 'ಕಷ್ಟ' ಮುಂತಾದ ವಿಜಾತೀಯ ಒತ್ತುಗಳಿಗೆ ಬನ್ನಿ. ಬರೆಯುವಾಗ ನಂತರ ಬಂದು ಉಚ್ಚರಿಸುವಾಗ ಮೊದಲು ಬರುವ ಅರ್ಕಾವತ್ತನ್ನು ಕಟ್ಟಕಡೆಗೆ ಇಟ್ಟುಕೊಳ್ಳಿ.

ಅದೇ ತರಗತಿಯಲ್ಲಿ ಮತ್ತೊಂದು ವರ್ಷ ಕೂರಿಸುವುದರಲ್ಲಿ ನನಗೆ ನಂಬಿಕೆಯಿಲ್ಲ. ಮೊದಲ ವರ್ಷ ಫಲ ಕೊಡದ ವಿಧಾನ ಎರಡನೆಯ ವರ್ಷ ಫಲ ಕೊಡಲು ಕಾರಣವೇನೂ ಇಲ್ಲ. ಜೊತೆಗೆ, ಜಲಚಕ್ರವನ್ನು ಬಲ್ಲ ಹುಡುಗ ಅದನ್ನೇ ಇನ್ನೊಂದು ವರ್ಷ ಕೇಳುತ್ತಾ ಕೂರಬೇಕಾಗುತ್ತದೆ. ತಜ್ಞರ ಮೌಲ್ಯಮಾಪನವನ್ನು ಆದಷ್ಟು ಬೇಗ ಮಾಡಿಸಿ, ಆದರೆ ಅದಕ್ಕಾಗಿ ಪರಿಹಾರ ಬೋಧನೆಯನ್ನು ತಡೆಹಿಡಿಯಬೇಡಿ. 2013ರಲ್ಲಿ ಪ್ರಕಟವಾದ ಡಿಎಸ್‌ಎಂ-5 ಎಂಬ ರೋಗನಿರ್ಣಯ ಕೈಪಿಡಿಯ ಪ್ರಕಾರ, ತೊಂದರೆಗೆ ತಕ್ಕ ನೆರವು ಕೊಟ್ಟ ಮೇಲೂ ಕನಿಷ್ಠ ಆರು ತಿಂಗಳು ಅದು ಮುಂದುವರಿದಿದ್ದರೆ ಮಾತ್ರ ನಿರ್ದಿಷ್ಟ ಕಲಿಕಾ ನ್ಯೂನತೆ (ಡಿಸ್ಲೆಕ್ಸಿಯಾ ಇದರಲ್ಲಿ ಸೇರುತ್ತದೆ) ಎಂದು ಗುರುತಿಸಲಾಗುತ್ತದೆ. ಅಂದರೆ ನೀವು ಕೊಡುವ ನೆರವು ಮತ್ತು ಅದರ ಫಲಿತಾಂಶದ ದಾಖಲೆ ತಜ್ಞರಿಗೂ ಬೇಕಾಗುತ್ತದೆ.

ಒಂದು ಎಚ್ಚರಿಕೆಯ ಮಾತು. ಬಣ್ಣದ ಕನ್ನಡಕ, ಕಣ್ಣಿನ ವ್ಯಾಯಾಮ ಇತ್ಯಾದಿಗಳನ್ನು ಹಿಡಿದುಕೊಂಡು ಯಾರಾದರೂ ಪೋಷಕರ ಬಳಿ ಬರಬಹುದು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಮತ್ತು ನೇತ್ರತಜ್ಞರ ಸಂಘಟನೆಗಳು 2009ರಲ್ಲಿ ಜಂಟಿಯಾಗಿ ಹೊರಡಿಸಿದ ಹೇಳಿಕೆ, ಕಲಿಕಾ ನ್ಯೂನತೆಗೆ ಇವು ಪರಿಹಾರವೆನ್ನಲು ವೈಜ್ಞಾನಿಕ ಆಧಾರವಿಲ್ಲ ಎಂದು ಸ್ಪಷ್ಟಪಡಿಸಿದೆ. ಹಣ ಪೋಲಾಗುವುದಕ್ಕಿಂತ ಸಮಯ ಪೋಲಾಗುವುದೇ ಇಲ್ಲಿ ದೊಡ್ಡ ನಷ್ಟ.

ಉತ್ತರ 2 (ಒಬ್ಬ ವಿದ್ಯಾರ್ಥಿನಿಯ ತಾಯಿ)

ಮೇಲಿನ ಉತ್ತರವನ್ನು ನಾನು ಒಪ್ಪುತ್ತೇನೆ. ಪ್ರತ್ಯೇಕ ಕೋಣೆಯ ಪ್ರಶ್ನೆಗೆ ಅವರು ಉತ್ತರಿಸಲಿಲ್ಲವಾದ್ದರಿಂದ, ತಾಯಿಯಾಗಿ ಕಂಡದ್ದನ್ನು ಹೇಳುತ್ತೇನೆ. ನನ್ನ ಮಗಳಿಗೂ ಓದಿನ ತೊಂದರೆ ಇತ್ತು, ಅವಳಿಗೆ ಪ್ರತ್ಯೇಕ ಬೋಧನೆಯ ವ್ಯವಸ್ಥೆಯೂ ಆಯಿತು. ಬೋಧನೆ ಚೆನ್ನಾಗಿಯೇ ಇತ್ತು. ಆದರೆ ಅವಳನ್ನು ಕರೆದೊಯ್ಯುತ್ತಿದ್ದುದು ಚಿತ್ರಕಲೆಯ ಅವಧಿಯಲ್ಲಿ. ಮುಖ್ಯ ವಿಷಯಗಳು ತಪ್ಪಬಾರದೆಂಬ ಸದುದ್ದೇಶದಿಂದಲೇ ಹಾಗೆ ಮಾಡಿದ್ದರು. ಇಡೀ ವಾರದಲ್ಲಿ ಅವಳು ಇತರರಿಗಿಂತ ಮುಂದಿರುತ್ತಿದ್ದ, ಪಕ್ಕದವರು ಅವಳ ಹಾಳೆಯನ್ನು ಬಗ್ಗಿ ನೋಡುತ್ತಿದ್ದ ಅವಧಿ ಅದೊಂದೇ ಆಗಿತ್ತು. ಕೆಲವೇ ವಾರಗಳಲ್ಲಿ ಅವಳು ಆ ಕೋಣೆಯನ್ನು ಶಿಕ್ಷೆಯೆಂದು ಭಾವಿಸತೊಡಗಿದಳು. ಅವಧಿಯನ್ನು ಬದಲಾಯಿಸಿಕೊಡಿ ಎಂದು ಕೇಳಿಕೊಂಡ ಮೇಲೆ, ಉಳಿದವರು ಮೌನವಾಗಿ ಓದುವ ಸಮಯದಲ್ಲಿ ಅವಳಿಗೆ ಕಲಿಸತೊಡಗಿದರು. ಶಿಕ್ಷಕಿಯೂ ಅವರೇ, ಪುಸ್ತಕವೂ ಅದೇ ಆಗಿದ್ದರೂ ಅವಳ ತಕರಾರು ನಿಂತುಹೋಯಿತು.

ಆದ್ದರಿಂದ ಪ್ರತ್ಯೇಕ ಕೋಣೆ ಬೇಕೇ ಬೇಡವೇ ಎಂದು ಕೇಳುವುದರ ಜೊತೆಗೆ, ಎಷ್ಟು ಹೊತ್ತು, ಯಾವ ಅವಧಿಯಲ್ಲಿ, ಯಾವ ಗುರಿಗಾಗಿ, ಅಲ್ಲಿಂದ ಮರಳಿದಾಗ ತರಗತಿಯಲ್ಲಿ ಅವನಿಗೆ ಸ್ಥಾನ ಉಳಿದಿರುತ್ತದೆಯೇ ಎಂದೂ ಕೇಳಬೇಕು. ಇಡೀ ದಿನ ಬೇರೆ ಕೋಣೆಯಲ್ಲಿ ಕೂರಿಸಿದರೆ "ಎಲ್ಲರಿಗೂ ಅನುಕೂಲ" ಎನ್ನುವಾಗ ಆ 'ಎಲ್ಲರಲ್ಲಿ' ಅವನು ಸೇರಿರುವುದಿಲ್ಲ. ವಿಶೇಷ ಶಿಕ್ಷಣ ಕುರಿತ 1994ರ ಸಲಮಾಂಕಾ ಹೇಳಿಕೆಯಲ್ಲಿ 92 ಸರ್ಕಾರಗಳು ಸಾಮಾನ್ಯ ಶಾಲೆಗಳೇ ಎಲ್ಲ ಮಕ್ಕಳನ್ನೂ ಒಳಗೊಳ್ಳಬೇಕು ಎಂದು ಒಪ್ಪಿದ್ದು ಇದೇ ಕಾರಣಕ್ಕಾಗಿ. 2006ರ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 24ನೆಯ ವಿಧಿಯೂ ಅದನ್ನೇ ಹಕ್ಕಾಗಿ ಬರೆದಿಟ್ಟಿದೆ.

ಇನ್ನೊಂದು ವಿನಂತಿ. ಮನೆಯವರನ್ನು ಕರೆಸಿದಾಗ ದಯವಿಟ್ಟು ಜಲಚಕ್ರದ ವಿಷಯದಿಂದಲೇ ಮಾತು ಆರಂಭಿಸಿ. ಶಾಲೆಯಿಂದ ಕರೆ ಬಂದರೆ ದೂರು ಕೇಳಲು ಸಿದ್ಧರಾಗಿಯೇ ನಾವು ಬರುತ್ತೇವೆ.

ಉತ್ತರ 3 (ಪ್ರೌಢಶಾಲೆಯ ಗಣಿತ ಶಿಕ್ಷಕ)

ಇವೆಲ್ಲವೂ ಒಳ್ಳೆಯ ಮಾತುಗಳೇ, ಆದರೆ ತುಂಬಿದ ತರಗತಿಯಲ್ಲಿ ಒಬ್ಬನಿಗೆ ಪ್ರಶ್ನೆ ಓದಿ ಹೇಳುತ್ತಾ ಕೂತರೆ ಉಳಿದವರನ್ನು ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆಯನ್ನು ಇಲ್ಲಿ ಯಾರೂ ಎತ್ತಿಲ್ಲ. ಹಾಗೆಂದು ನಾನು ನೆರವಿನ ವಿರೋಧಿಯಲ್ಲ. ಒಬ್ಬನಿಗೆಂದು ಮಾಡುವುದಕ್ಕಿಂತ ಎಲ್ಲರಿಗೂ ಮಾಡಿದರೆ ಶ್ರಮ ಕಡಿಮೆ ಎಂಬುದು ನನ್ನ ಅನುಭವ. ನಾನು ಪರೀಕ್ಷೆಯ ಪ್ರತಿಯೊಂದು ಪ್ರಶ್ನೆಯನ್ನೂ ಇಡೀ ತರಗತಿಗೆ ಒಮ್ಮೆ ಗಟ್ಟಿಯಾಗಿ ಓದಿ ಹೇಳುತ್ತೇನೆ. ಅಗತ್ಯವಿದ್ದವನು ಕೇಳಿಸಿಕೊಳ್ಳುತ್ತಾನೆ, ಇಲ್ಲದವನು ಬರೆಯುತ್ತಾ ಹೋಗುತ್ತಾನೆ, ಯಾರತ್ತಲೂ ಬೆರಳು ತೋರಿಸಿದಂತಾಗುವುದಿಲ್ಲ.

ಸೂಚನೆಗಳ ವಿಷಯವೂ ಹಾಗೆಯೇ. "ಪುಸ್ತಕ ತೆಗೆದು, ಎಂಬತ್ತನೇ ಪುಟಕ್ಕೆ ಹೋಗಿ, ಮೂರನೇ ಲೆಕ್ಕ ಬಿಟ್ಟು ಉಳಿದವನ್ನು ಮಾಡಿ, ದಿನಾಂಕ ಬರೆಯುವುದನ್ನು ಮರೆಯಬೇಡಿ" ಎಂದು ಒಂದೇ ಉಸಿರಿನಲ್ಲಿ ಹೇಳಿದರೆ, ಹೇಳಿದ್ದನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳಲು ಕಷ್ಟಪಡುವ ವಿದ್ಯಾರ್ಥಿ ಪುಸ್ತಕ ತೆಗೆದು ಸುಮ್ಮನೆ ಕೂರುತ್ತಾನೆ, ನಾವು ಅವನನ್ನು ಸೋಮಾರಿ ಎನ್ನುತ್ತೇವೆ. ಅದೇ ಸೂಚನೆಗಳನ್ನು ಹಲಗೆಯ ಮೂಲೆಯಲ್ಲಿ ಒಂದರ ಕೆಳಗೊಂದು ಬರೆದು, ಚಿಕ್ಕ ಚಿತ್ರವನ್ನೂ ಹಾಕಿದರೆ ಓದು ಬಾರದವನಿಗೂ, ಗಮನ ಚದುರುವವನಿಗೂ, ಮುಂದೇನಾಗುತ್ತದೆ ಎಂದು ತಿಳಿಯದಿದ್ದರೆ ಕಳವಳಗೊಳ್ಳುವ ಆಟಿಸಂ ಇರುವ ಮಗುವಿಗೂ ಅದು ನೆರವಾಗುತ್ತದೆ. ಬೆರಳೆಣಿಸಿ ಲೆಕ್ಕ ಮಾಡುವವರನ್ನು ಗದರಿಸುವುದನ್ನು ಕೂಡ ನಾನು ಬಿಟ್ಟಿದ್ದೇನೆ. ಕಡ್ಡಿ, ಮಣಿಗಳಿಂದ ಚಿತ್ರಕ್ಕೆ, ಚಿತ್ರದಿಂದ ಅಂಕಿಗೆ ಸಾಗುವ ದಾರಿಯಲ್ಲಿ ಕೆಲವರಿಗೆ ಹೆಚ್ಚು ಕಾಲ ಬೇಕಾಗುತ್ತದೆ, ಅಷ್ಟೇ.

"ಅವನಿಗೆ ಮಾತ್ರ ಏಕೆ?" ಎಂದು ಉಳಿದ ಮಕ್ಕಳು ಕೇಳಿಯೇ ಕೇಳುತ್ತಾರೆ. ಕನ್ನಡಕ ಹಾಕಿಕೊಂಡವರಿಗೆ ಅದನ್ನು ತೆಗೆದಿಟ್ಟು ಪರೀಕ್ಷೆ ಬರೆಯಲು ಹೇಳೋಣವೇ ಎಂದು ನಾನು ತಿರುಗಿ ಕೇಳುತ್ತೇನೆ. ಮಕ್ಕಳಿಗೆ ಅಷ್ಟು ಸಾಕು. ಇದೇ ಉತ್ತರವನ್ನು ಸಿಬ್ಬಂದಿ ಸಭೆಯಲ್ಲಿ ಹೇಳಿದಾಗ ಮಾತ್ರ ಚರ್ಚೆ ಗಂಟೆಗಟ್ಟಲೆ ನಡೆಯಿತು.

ಉತ್ತರ 4 (ಡಿಸ್ಲೆಕ್ಸಿಯಾ ಇರುವ ವಯಸ್ಕ ಓದುಗ)

ನಾನು ಶಿಕ್ಷಕನಲ್ಲ, ನೆರವು ಪಡೆದವನು. ಪ್ರಶ್ನೆಯ ಕೊನೆಯಲ್ಲಿರುವ "ಎಲ್ಲಿಯವರೆಗೆ" ಎಂಬ ಭಾಗಕ್ಕೆ ಮಾತ್ರ ಉತ್ತರಿಸುತ್ತೇನೆ. ನನಗೆ ಓದಲು ಬರುತ್ತದೆ, ಕ್ರಮವಾಗಿ ಕಲಿಸಿದ್ದರಿಂದಲೇ ಬಂದಿತು. ಆದರೆ ಇಂದಿಗೂ ನನ್ನ ಓದು ನಿಧಾನ, ಉದ್ದನೆಯ ದಾಖಲೆಗಳನ್ನು ಫೋನಿನಲ್ಲಿ ಗಟ್ಟಿಯಾಗಿ ಓದಿಸಿಕೊಂಡು ಕೇಳುತ್ತೇನೆ. ಈ ಬರಹವನ್ನೂ ಮಾತಿನಲ್ಲಿ ಹೇಳಿ ಅಕ್ಷರಕ್ಕಿಳಿಸಿಕೊಂಡಿದ್ದೇನೆ. ನೆರವು ತಾತ್ಕಾಲಿಕವಾದದ್ದು, ಒಂದಲ್ಲ ಒಂದು ದಿನ ಅದನ್ನು ಕಿತ್ತುಕೊಳ್ಳಲೇಬೇಕು ಎಂಬ ನಂಬಿಕೆಯಿಂದ ಶಾಲೆಯಲ್ಲಿ ನನಗೆ ಕೊಡುತ್ತಿದ್ದ ಹೆಚ್ಚುವರಿ ಸಮಯವನ್ನು, ಓದು ಸುಧಾರಿಸಿತು ಎಂಬ ಕಾರಣ ನೀಡಿ ಹಿಂತೆಗೆದುಕೊಂಡರು. ಓದು ಸುಧಾರಿಸಿದ್ದು ನಿಜ, ವೇಗ ಸುಧಾರಿಸಿರಲಿಲ್ಲ. ಪ್ರಶ್ನೆಪತ್ರಿಕೆಯ ಕೊನೆಯ ಪುಟವನ್ನು ತಲುಪದೆಯೇ ಆ ವರ್ಷದ ಪರೀಕ್ಷೆಗಳು ಮುಗಿದವು. ಆದ್ದರಿಂದ ನೆರವನ್ನು ಹಿಂತೆಗೆದುಕೊಳ್ಳುವ ಮೊದಲು, ಅದು ಯಾವ ಕೊರತೆಗಾಗಿ ಇತ್ತೋ ಅದೇ ಕೊರತೆ ನೀಗಿದೆಯೇ ಎಂದು ನೋಡಬೇಕು, ಬೇರಾವುದೋ ಸುಧಾರಿಸಿದೆ ಎಂಬುದು ಸಾಲದು.

ಉತ್ತರ 5 (ವಿಶೇಷ ಶಿಕ್ಷಕ)

ಮೇಲಿನವರ ಮಾತು ನನ್ನ ಉತ್ತರಕ್ಕೆ ಬೇಕಾಗಿದ್ದ ತಿದ್ದುಪಡಿ. ಹಂತಹಂತವಾಗಿ ಹಿಂದೆ ಸರಿಯಬೇಕಾದದ್ದು ಕಲಿಸುವ ಸಮಯದ ನೆರವು. ಮೊದಲು ಇಡೀ ವಾಕ್ಯವನ್ನು ಜೊತೆಯಾಗಿ ಓದುವುದು, ನಂತರ ಅವನು ತಡೆದಲ್ಲಿ ಮಾತ್ರ ದನಿಗೂಡಿಸುವುದು, ಕೊನೆಗೆ ಸುಮ್ಮನೆ ಪಕ್ಕದಲ್ಲಿ ಕೂರುವುದು. ಹೆಚ್ಚುವರಿ ಸಮಯ, ಧ್ವನಿಪುಸ್ತಕ ಮುಂತಾದವು ಕೆಲವರಿಗೆ ಜೀವನವಿಡೀ ಬೇಕಾಗಬಹುದು, ಅದರಲ್ಲಿ ಸೋಲೇನೂ ಇಲ್ಲ.

ಪ್ರಗತಿಯನ್ನು ತಿಳಿಯಲು ದೊಡ್ಡ ಪರೀಕ್ಷೆಗಳ ಅಗತ್ಯವಿಲ್ಲ. ಅಮೆರಿಕದ ಶಿಕ್ಷಣ ಸಂಶೋಧಕ ಸ್ಟ್ಯಾನ್ಲಿ ಡೀನೋ 1980ರ ದಶಕದಲ್ಲಿ ಪ್ರಚಾರಕ್ಕೆ ತಂದ ವಿಧಾನದಲ್ಲಿ, ಮಗು ಒಂದು ನಿಮಿಷ ಗಟ್ಟಿಯಾಗಿ ಓದುತ್ತದೆ, ಸರಿಯಾಗಿ ಓದಿದ ಪದಗಳನ್ನು ಎಣಿಸಿ ನಕ್ಷೆಯಲ್ಲಿ ಗುರುತು ಹಾಕಲಾಗುತ್ತದೆ. ವಾರಕ್ಕೊಮ್ಮೆ, ಒಂದೇ ಮಟ್ಟದ ಹೊಸ ಪಠ್ಯದೊಂದಿಗೆ ಮಾಡಿ. ಗೆರೆ ಕೆಲವು ವಾರ ಮೇಲೇರದೆ ನಿಂತರೆ ಹುಡುಗನನ್ನು ದೂರುವ ಬದಲು ಬೋಧನೆಯನ್ನು ಬದಲಾಯಿಸಬೇಕು ಎಂಬುದೇ ಅದರ ಸೂಚನೆ. ನಕ್ಷೆಯನ್ನು ಅವನ ಕೈಯಲ್ಲೇ ಬಿಡಿಸಿ, ಆದರೆ ಗೋಡೆಗೆ ಅಂಟಿಸಬೇಡಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಎರಡು ಕಥೆಗಳ ಹೋಲಿಕೆಯನ್ನು ಮಾಡಿ ನೋಡಿದೆ. ಕೇಳಿದ ಕಥೆಯಲ್ಲಿ, ನಾನು ಕೇಳದಿದ್ದರೂ, ನರಿ ಸುಳ್ಳು ಹೇಳಿದ್ದು ಏಕೆ ಎಂಬುದನ್ನೂ ಅವನೇ ವಿವರಿಸಿದ. ಓದಿದ ಕಥೆಯಲ್ಲಿ ಎರಡನೆಯ ವಾಕ್ಯಕ್ಕೆ ಬರುವಷ್ಟರಲ್ಲಿ ಮೊದಲನೆಯದು ಮರೆತುಹೋಗಿತ್ತು. ಮುಂದಿನ ಪರೀಕ್ಷೆಯಿಂದ ಪ್ರಶ್ನೆಗಳನ್ನು ಇಡೀ ತರಗತಿಗೆ ಓದಿ ಹೇಳಲು ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದಿದ್ದೇನೆ. ಪರಿಹಾರ ಬೋಧನೆಗೆ ಬೆಳಗಿನ ಪ್ರಾರ್ಥನೆಗೆ ಮುಂಚಿನ ಸಮಯವನ್ನು ಪೋಷಕರೇ ಸೂಚಿಸಿದ್ದಾರೆ, ಅವನ ಆಟದ ಅವಧಿ ತಪ್ಪುವುದಿಲ್ಲ. ಉಕ್ತಲೇಖನದ ವಿಷಯವೊಂದು ಉಳಿದಿದೆ: ಅವನ ಪುಸ್ತಕದ ತುಂಬ ಕೆಂಪು ಗೆರೆಗಳೇ. ತಿದ್ದದೆ ಬಿಡುವುದು ಹೇಗೆ, ತಿದ್ದುವುದಾದರೂ ಹೇಗೆ?

ಉತ್ತರ 6 (ವಿಶೇಷ ಶಿಕ್ಷಕ)

ಆ ವಾರ ಯಾವುದನ್ನು ಕಲಿಸಿದ್ದೀರೋ ಅದನ್ನು ಮಾತ್ರ ತಿದ್ದಿ. 'ಲ' ಒತ್ತನ್ನು ಕಲಿಸಿದ ವಾರ 'ಕಲ್ಲು', 'ಹಲ್ಲು', 'ಬೆಲ್ಲ' ಪದಗಳಿರುವ ಚಿಕ್ಕ ಉಕ್ತಲೇಖನ ಕೊಡಿ, ಒತ್ತು ಸರಿಯಿದೆಯೇ ಎಂದಷ್ಟೇ ನೋಡಿ, ತಪ್ಪಿದ್ದರೆ ಪಕ್ಕದಲ್ಲಿ ಸರಿಯಾದ ರೂಪವನ್ನು ಬರೆದು ಅವನಿಂದ ಒಮ್ಮೆ ಓದಿಸಿ, ಒಮ್ಮೆ ಬರೆಸಿ. ಇನ್ನೂ ಕಲಿಸದ ಒತ್ತುಗಳು ತಪ್ಪಾಗಿದ್ದರೆ ಅವನ್ನು ನಿಮ್ಮ ಟಿಪ್ಪಣಿಯಲ್ಲಿ ಗುರುತು ಹಾಕಿಕೊಳ್ಳಿ, ಮುಂದೆ ಏನನ್ನು ಕಲಿಸಬೇಕೆಂಬ ಪಟ್ಟಿ ಅಲ್ಲಿಂದಲೇ ಸಿಗುತ್ತದೆ. ಪರಿಸರದ ಉತ್ತರ ಪತ್ರಿಕೆಯಲ್ಲಿ ಕಾಗುಣಿತದ ತಪ್ಪಿಗೆ ಅಂಕ ಕಳೆಯಬೇಡಿ. ತಪ್ಪಾದ ಪದವನ್ನು ಹತ್ತು ಸಲ ಬರೆಸುವ ರೂಢಿ ನಿಮ್ಮಲ್ಲಿದ್ದರೆ ಅದನ್ನು ಇವನಿಗಷ್ಟೇ ಅಲ್ಲ, ಎಲ್ಲರಿಗೂ ನಿಲ್ಲಿಸುವುದು ಒಳ್ಳೆಯದು: ಮೂರನೆಯ ಸಲಕ್ಕೇ ಕೈ ಮಾತ್ರ ಬರೆಯುತ್ತಿರುತ್ತದೆ, ಕೆಲವೊಮ್ಮೆ ತಪ್ಪು ರೂಪವೇ ಹತ್ತು ಸಲ ಅಭ್ಯಾಸವಾಗಿರುತ್ತದೆ.